ಅರಿಸಿನ ಅಗೆದ ಮೇಲೆ

ಒದ್ದೆ ಮಣ್ಣಿನಿಂದ ಆಗತಾನೆ ಎತ್ತಿದ ಹಸಿ ಅರಿಸಿನಕ್ಕೆ ಒಂದು ವಾಸನೆಯಿದೆ. ಅಡುಗೆಮನೆಯ ಡಬ್ಬಿಯಲ್ಲಿರುವ ಪುಡಿಯಿಂದ ಅದನ್ನು ಊಹಿಸಿಕೊಳ್ಳಲಾಗದು. ಸ್ವಲ್ಪ ಕಹಿ, ಸ್ವಲ್ಪ ತಂಪು, ಮಾವಿನ ಹೀಚನ್ನು ಗೀರಿದಾಗ ಒಸರುವ ಸೊನೆಯ ಹಾಗೆ ಒಂದಿಷ್ಟು ಚುರುಕು. ಅದರ ತಳದಲ್ಲಿ ನೆಲದ ಗಂಭೀರವಾದ ಉಸಿರು. ಕಳೆದ ಮಾಘದ ಒಂದು ಸಂಜೆ, ದೂರದ ಊರೊಂದರ ಹಳೆಯ ಮಾನಸಿಕ ಆಸ್ಪತ್ರೆಯ ಆವರಣದಲ್ಲಿ ಬೇವಿನ ಮರಗಳ ನಡುವಣ ದಾರಿಯಲ್ಲಿ ನಡೆಯುತ್ತಿದ್ದಾಗ ಆ ವಾಸನೆ ತೇಲಿಬಂದು ನನ್ನನ್ನು ನಿಲ್ಲಿಸಿತು. ಜೊತೆಗಿದ್ದ ಸವಿತಾ ಅಲ್ಲಿಯ ದಾದಿ, ಐಗಳಿಯ ಹುಡುಗಿ. ಅಥಣಿಯ ಶಾಲೆಯಲ್ಲಿ ನಾನು ಸಂಸ್ಕೃತ ಹೇಳಿಕೊಡುತ್ತಿದ್ದ ಕಾಲಕ್ಕೆ ಅವಳ ತಾಯಿ ನನ್ನ ವಿದ್ಯಾರ್ಥಿನಿಯಾಗಿದ್ದಳು. "ಯಾಕ್ರಿ ಅಮ್ಮಾರ, ದಣಿವಾತೇನ್ರಿ? ಕಟ್ಟಿ ಮ್ಯಾಲ ಕೂಡ್ರಿ" ಎಂದಳು. ನನಗೆ ದಣಿವಾಗಿರಲಿಲ್ಲ. ನಾನು ಆ ಕ್ಷಣದಲ್ಲಿ ಆಸ್ಪತ್ರೆಯ ದಾರಿಯಲ್ಲಿ ಇರಲೇ ಇಲ್ಲ. ರಾಯಬಾಗದ ಕಡೆಯ ನಮ್ಮ ಹಳ್ಳಿಯ ಮನೆಯ ಅಂಗಳದಲ್ಲಿ, ಹಳದಿ ಪಾದಗಳ ಒಂದು ಮಗುವಾಗಿ ನಿಂತಿದ್ದೆ.

ಓದುವವರೇ, ನಿಮಗೂ ಅಂಥದೊಂದು ಅಂಗಳ ಇದ್ದಿರಬಹುದು. ನಮ್ಮದು ಪಡಸಾಲೆ, ದೇವರ ಕೋಣೆ, ಎರಡು ಎಮ್ಮೆಗಳ ಕೊಟ್ಟಿಗೆ, ಹಿಂದೆ ಒಂದು ಮುದಿ ಬೇವಿನ ಮರ, ಇಷ್ಟೇ ಇದ್ದ ಮನೆ. ಆದರೆ ಮಾಘ ಬಂದರೆ ಆ ಮನೆ ಪೂರ್ತಿ ಹೊನ್ನಿನ ಬಣ್ಣಕ್ಕೆ ತಿರುಗುತ್ತಿತ್ತು. ಹೊಲದಿಂದ ಅಗೆದು ತಂದ ಅರಿಸಿನವನ್ನು ಅಂಗಳದಲ್ಲಿ ದೊಡ್ಡ ಕಡಾಯಿಗೆ ಹಾಕಿ, ಮೇಲೆ ಅದರ ಒಣಗಿದ ಎಲೆಯನ್ನೇ ಹೊದಿಸಿ ಕುದಿಸುತ್ತಿದ್ದರು. ಆ ಹಬೆ ಗೋಡೆಗಳಿಗೆ, ಹಾಸಿಗೆಗಳಿಗೆ, ನಮ್ಮ ಕೂದಲಿಗೆ ಅಂಟಿಕೊಳ್ಳುತ್ತಿತ್ತು. ಕೋಳಿಗಳ ಕಾಲು ಮೊದಲೇ ಹಳದಿ. ಆ ತಿಂಗಳು ನಾಯಿಯ ಕಾಲೂ ಹಳದಿ. ಸಂಜೆ ದೀಪದ ಹೊತ್ತಿಗೆ ಅಪ್ಪ ನನ್ನನ್ನು ತೊಡೆಯ ಮೇಲೆ ಕೂಡಿಸಿಕೊಂಡು ಶಬ್ದಗಳನ್ನು ಬಾಯಿಪಾಠ ಮಾಡಿಸುತ್ತಿದ್ದ. ಮಠದಲ್ಲಿ ಕಲಿತು ಬಂದ ಒಕ್ಕಲಿಗನಾತ. ಸಂಸ್ಕೃತದಲ್ಲಿ ರಾತ್ರಿಗೆ ಇರುವ ಹೆಸರುಗಳನ್ನೇ ಅರಿಸಿನಕ್ಕೂ ಇಟ್ಟಿದ್ದಾರೆಂದು ನಾನು ಮೊದಲು ತಿಳಿದದ್ದು ಆ ಹಬೆಯ ನಡುವೆ. ಯಾಕೆ ಎಂದು ಕೇಳಿದರೆ, "ದೇವರಿಗಿ ಗೊತ್ತ, ಮುಂದಿಂದ ಹೇಳು" ಎನ್ನುತ್ತಿದ್ದ.

ಆ ಅಂಗಳದ ಅರಸಿ ನನ್ನ ಸೋದರತ್ತೆ ಅಕ್ಕಾತಾಯಿ, ಅಪ್ಪನ ಒಬ್ಬಳೇ ತಂಗಿ. ಕಾಗವಾಡದ ಕಡೆಯ ಊರಿಗೆ ಲಗ್ನವಾಗಿ ಹೋಗಿ, ಎರಡು ಸುಗ್ಗಿ ಕಳೆಯುವುದರೊಳಗೆ ಗಂಡ ಜ್ವರದಿಂದ ತೀರಿಕೊಂಡು, ತವರಿಗೆ ಮರಳಿದ್ದಳು. ಅರಿಸಿನ ಬೆಂದಿದೆಯೋ ಇಲ್ಲವೋ ಎಂದು ನೋಡುವುದು ಅವಳದೇ ಕೆಲಸ. ಒಂದು ಕೊಂಬನ್ನು ಎತ್ತಿಕೊಂಡು ಜೋಳದ ದಂಟಿನ ಎಳೆಯಿಂದ ಚುಚ್ಚುತ್ತಿದ್ದಳು. ಸಲೀಸಾಗಿ ಒಳಗಿಳಿದರೆ, "ಬೆಂತು ನೋಡ್ರೆವ್ವಾ, ಉರಿ ತಗೀರಿ" ಎಂದು ಕೂಗುತ್ತಿದ್ದಳು. ಆಮೇಲೆ ಅದೇ ಹಳದಿ ಬೆರಳಿನಿಂದ ನನ್ನ ಮೂಗಿನ ಮೇಲೆ ಗೀರೆಳೆದು, "ಏ ಹಳದಿ ಬೆಕ್ಕ, ಎಮ್ಮಿ ಹಾಲ ಕದ್ದ ಕುಡದೀಯಿಲ್ಲ?" ಎಂದು ಕಾಡುತ್ತಿದ್ದಳು. "ಇಲ್ಲ ಅತ್ತೀ, ನಾ ಅಲ್ಲ" ಎಂದು ನಾನು ಕಿರುಚುವುದು, ಅವಳು ನಕ್ಕು ನಕ್ಕು ಕೆಮ್ಮುವುದು, ಒಳಗಿನಿಂದ ಆಯಿ, ಅಂದರೆ ನನ್ನ ಅಜ್ಜಿ, "ಇಬ್ಬರಿಗೂ ಬುದ್ಧಿ ಇಲ್ಲ" ಎಂದು ಗದರಿಸುವುದು. ವಿಧವೆಯ ನಗು ಓಣಿಗೆ ಕೇಳಬಾರದೆಂಬ ಭಯ ಆ ಗದರಿಕೆಯಲ್ಲಿತ್ತು. ಅದು ನನಗೆ ತಿಳಿದದ್ದು ಬಹಳ ವರ್ಷಗಳ ನಂತರ.

ಕುದಿಸಿದ ಅರಿಸಿನ ಒಣಗಿ ಸಾಂಗ್ಲಿಯ ಪೇಟೆಗೆ ಹೋಗುತ್ತಿತ್ತು. ಬೀಜಕ್ಕೆಂದು ಆರಿಸಿದ ದುಂಡು ಗಡ್ಡೆಗಳನ್ನು ಮಾತ್ರ ಕುದಿಸುತ್ತಿರಲಿಲ್ಲ. ಅವನ್ನು ಬೇವಿನ ನೆರಳಿನಲ್ಲಿ ಗುಂಪೆ ಹಾಕಿ, ಅರಿಸಿನದ ಎಲೆ ಮುಚ್ಚಿ, ಮೇಲೆ ಮಣ್ಣು ಸಗಣಿ ಮೆತ್ತಿ, ಬೇಸಿಗೆಯ ಕೊನೆಯ ಬಿತ್ತನೆಯವರೆಗೆ ಮಲಗಿಸುತ್ತಿದ್ದರು. ಆ ಬೀಜದ ವಿಷಯದಲ್ಲಿ ನಮ್ಮ ಮನೆಗೊಂದು ಕಟ್ಟುನಿಟ್ಟಿತ್ತು: ನಮ್ಮ ಹೊಲದಲ್ಲಿ ಬಿತ್ತುವ ಮೊದಲು ಒಂದು ಗಡ್ಡೆಯೂ ಹೊಸ್ತಿಲು ದಾಟಬಾರದು, ದಾಟಿದರೆ ಅದರ ಹಿಂದೆ ಲಕ್ಷ್ಮಿಯೂ ಹೊರಟುಹೋಗುತ್ತಾಳೆ. ಅಂಥ ಒಂದು ಬೇಸಿಗೆಯಲ್ಲಿ ಅತ್ತೆ ನಗುವುದನ್ನು ನಿಲ್ಲಿಸಿದಳು. ಮೊದಲು ಊಟ ಬಿಟ್ಟಳು, ಆಮೇಲೆ ಮಾತು ಬಿಟ್ಟಳು. ಸಂಜೆಯಾದರೆ ಬೇವಿನ ಬುಡಕ್ಕೆ ಹೋಗಿ ಬೀಜದ ಗುಂಪೆಗೆ ಕಿವಿ ಹಚ್ಚಿ ಕೂರುತ್ತಿದ್ದಳು. ಒಂದು ದಿನ ನಾನೂ ಪಕ್ಕದಲ್ಲಿ ಕುಳಿತಾಗ ನನ್ನ ಕಿವಿಯಲ್ಲಿ ಹೇಳಿದಳು: "ಒಳಗ ಯಾರೋ ಉಸರಾಡಾಕತ್ತಾರ ಶಾರಿ. ಅವರಿಗಿ ದಾರಿ ಸಿಗವಲ್ದು." ಮರುದಿನ ಹತ್ತೂ ಬೆರಳುಗಳಿಂದ ಮಣ್ಣು ಕೆರೆದು ಗುಂಪೆಯನ್ನೇ ಒಡೆದಳು, ಉಗುರುಗಳಲ್ಲಿ ರಕ್ತ ಬಂದಿತ್ತು. ಗಾಳಿ ಸೋಕಿದೆ ಎಂದರು. ಭಸ್ಮ, ತಾಯಿತ, ಗುಡಿಯ ಕಟ್ಟೆಯ ಮೇಲೆ ಹರಕೆಯ ವಾಸ, ಎಲ್ಲವೂ ಆಯಿತು. ಕೊನೆಗೆ ಚಿಕ್ಕೋಡಿಯ ವೈದ್ಯರೊಬ್ಬರು ಅಪ್ಪನ ಹೆಗಲ ಮೇಲೆ ಕೈಯಿಟ್ಟು ಆ ದೂರದ ಆಸ್ಪತ್ರೆಯ ದಾರಿ ತೋರಿಸಿದರು.

ಹೊರಡುವ ಮುಂಜಾನೆ ಅಂಗಳದಲ್ಲಿ ಬಂಡಿ ಹೂಡಿ ನಿಂತಿತ್ತು. ರಾಯಬಾಗದ ನಿಲ್ದಾಣದಿಂದ ರೈಲು ಹಿಡಿಯಬೇಕು. ಆಗ ಆಯಿ ಒಳಗಿನಿಂದ ಅಕ್ಕಿಯ ಮೊರ ಹಿಡಿದುಕೊಂಡು ಬಂದಳು. ತವರಿನಿಂದ ಹೊರಡುವ ಮಗಳಿಗೆ ಸೆರಗೊಡ್ಡಿಸಿ, ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಅಡಿಕೆ, ಅರಿಸಿನದ ಕೊಂಬು ಇಟ್ಟು ಉಡಿ ತುಂಬುವುದು ನಮ್ಮ ಕಡೆ ಎಲ್ಲರಿಗೂ ಗೊತ್ತಿರುವ ಪದ್ಧತಿ. ಆದರೆ ವಿಧವೆಗೆ ಉಡಿ ತುಂಬುತ್ತಿರಲಿಲ್ಲ. ತುಂಬುವ ಕೈಯೂ ಮುತ್ತೈದೆಯದೇ ಆಗಬೇಕು. ಆಯಿಯೂ ವಿಧವೆ. ಬೀಳ್ಕೊಡಲು ಬಂದಿದ್ದ ಪಕ್ಕದ ಮನೆಯ ಗೌರಕ್ಕ ಬಾಯಿಗೆ ಸೆರಗು ಹಿಡಿದು, "ಏನ ಮಾಡಾಕತ್ತೀ ಬೇ ಯವ್ವಾ? ಆಕಿ ಏನ ಗಂಡನ ಮನಿಗಿ ಹೊಂಟಾಳ?" ಎಂದಳು. ಆಯಿ ಅವಳತ್ತ ತಿರುಗಲೂ ಇಲ್ಲ. "ಎಲ್ಲಿಗ್ಯಾರ ಹೋಗ್ಲಿ. ನನ್ನ ಹೊಟ್ಟ್ಯಾಗಿನ ಮಗಳು ಬರೇ ಉಡೀಲೆ ಈ ಮನಿ ದಾಟಬಾರದು" ಎಂದಳು. ಕುದಿಸಿದ ಕೊಂಬುಗಳೆಲ್ಲ ಪೇಟೆಗೆ ಹೋಗಿಬಿಟ್ಟಿದ್ದವು. ಕಣ್ಣು ತುಂಬಿ ಏನೂ ಕಾಣದೆ ಆಯಿ ಬೇವಿನ ಬುಡದಲ್ಲಿ ಮತ್ತೆ ಮುಚ್ಚಿಟ್ಟಿದ್ದ ಗುಂಪೆಗೆ ಕೈಹಾಕಿ, ಸಿಕ್ಕ ಬೀಜದ ಗಡ್ಡೆಗಳನ್ನು ತಂದು ಉಡಿಗೆ ಹಾಕಿದಳು. ನನ್ನ ಅವ್ವ ಗಾಬರಿಯಾಗಿ, "ಅತ್ತೀ, ಅವು ಹಸೀವರಿ, ಬೀಜರಿ" ಎಂದಾಗಲೇ ಆಯಿಗೆ ಎಚ್ಚರವಾದದ್ದು. ತುಂಬಿದ ಉಡಿಯಿಂದ ಮರಳಿ ತೆಗೆಯಬಾರದು. ಅತ್ತೆ ಸೊಂಟದ ಗಂಟನ್ನು ಎರಡೂ ಕೈಗಳಿಂದ ಅವುಚಿಕೊಂಡು ಬಂಡಿ ಹತ್ತಿದಳು. ಆ ಗಡ್ಡೆಗಳಿಗೆ ಆಗಲೇ ಬಿಳಿಯ ಮೊಳಕೆಯ ಮೂಗುಗಳು ಮೂಡಿದ್ದವು.

ಅಂದಿನಿಂದ ಪ್ರತಿ ಶ್ರಾವಣದಲ್ಲಿ, ಹೆಣ್ಣುಮಕ್ಕಳು ತವರಿಗೆ ಬರುವ ಪಂಚಮಿಯ ಹೊತ್ತಿಗೆ, ಆಯಿ ಉಡಿಯ ಸಾಮಾನನ್ನು ಗಂಟು ಕಟ್ಟಿ ಅಪ್ಪನ ಕೈಯಲ್ಲಿ ಕೊಡುತ್ತಿದ್ದಳು. ಎರಡು ಮೂರು ವರ್ಷಗಳಲ್ಲಿ ಅತ್ತೆ ಚೇತರಿಸಿಕೊಂಡಳೆಂದೂ ಕರೆದುಕೊಂಡು ಹೋಗಬಹುದೆಂದೂ ಅಲ್ಲಿಯ ವೈದ್ಯರು ಹೇಳಿದರು. ಅಪ್ಪ ಹಿಗ್ಗಿನಿಂದ ಹೋದ. ಒಬ್ಬನೇ ಮರಳಿ ಬಂದ. ಪಡಸಾಲೆಯ ಕಂಬಕ್ಕೊರಗಿ ಕುಳಿತು ಹೇಳಿದ: "ನಡಿ ತಂಗಿ ಮನಿಗಿ ಅಂದ್ನಿ. 'ಈಗ ಹ್ಯಾಂಗ ಬರ್ಲಿ ಅಣ್ಣಾ? ಅರಿಷಿಣ ಅಗದ ಮ್ಯಾಲ ಬರ್ತೇನಿ' ಅಂದ್ಲು. ಅಲ್ಲಿ ಎಲ್ಲಿ ಅರಿಷಿಣ ಐತಿ? ಆಕೀ ಜೀವ ಇನ್ನಾ ನಮ್ಮ ಹೊಲದಾಗ ಐತಿ." ಮುಂದಿನ ಶ್ರಾವಣದಲ್ಲಿಯೂ ಅದೇ ಮಾತು. ಅದರ ಮುಂದಿನದರಲ್ಲಿಯೂ ಅದೇ. ವೈದ್ಯರು ಏನೇ ಹೇಳಲಿ, ತಂಗಿಯ ಬುದ್ಧಿ ಇನ್ನೂ ತಿಳಿಯಾಗಿಲ್ಲವೆಂದು ಅಪ್ಪ ನಂಬಿದ. ಆಸ್ಪತ್ರೆಯಲ್ಲಿ ಹೆಂಗಸರ ಕಡೆಗೆ ಗಂಡಸರನ್ನು ಬಿಡುತ್ತಿರಲಿಲ್ಲ. ಬಾಗಿಲ ಬಳಿಯ ಪಡಸಾಲೆಯಲ್ಲಿ ಕುಳಿತು ಮಾತನಾಡಿ ಮರಳಬೇಕಾಗಿತ್ತು. ಒಮ್ಮೆ ನನ್ನನ್ನೂ ಕರೆದೊಯ್ದಿದ್ದ. ಅತ್ತೆ ಸೊರಗಿದ್ದಳು, ಆದರೆ ಕಣ್ಣು ಸ್ವಚ್ಛವಾಗಿದ್ದವು. ನನ್ನನ್ನು ಅಪ್ಪಿಕೊಂಡು, "ಹಳದಿ ಬೆಕ್ಕ ದೊಡ್ಡದಾಗೇತಲ್ಲೋ ಅಣ್ಣಾ" ಎಂದಳು. ಅವಳ ಸೆರಗಿನಲ್ಲಿ ಅರಿಸಿನದ ಎಲೆಯ ವಾಸನೆಯಿತ್ತು. ರೈಲಿನಲ್ಲಿ ಅಪ್ಪನಿಗೆ ಹೇಳಿದೆ. "ನಾವು ಒಯ್ದ ಗಂಟಿನ ವಾಸನಿ ಅದು" ಎಂದು ಆತ ಕಿಟಕಿಯಾಚೆ ಮುಖ ತಿರುಗಿಸಿದ.

ಆ ವರ್ಷಗಳಲ್ಲಿಯೇ ನಮ್ಮ ಮನೆ ಕರಗತೊಡಗಿತ್ತು. ಅತ್ತೆ ಹೋದ ಮಳೆಗಾಲದಲ್ಲಿಯೇ ಗಡ್ಡೆ ಕೊಳೆರೋಗ ಬಂದು ಅರಿಸಿನ ನೆಲದಲ್ಲಿಯೇ ಕರಗಿತು. ಬೀಜ ಮನೆ ಬಿಟ್ಟು ಹೋದದ್ದೇ ಕಾರಣವೆಂದು ಓಣಿಯಲ್ಲಿ ಆಡಿಕೊಂಡರು. ಅಳಿದುಳಿದ ಗಡ್ಡೆಗಳಿಂದ ಅಪ್ಪ ಕೆಲವು ವರ್ಷ ಹೆಣಗಿದ. ಆಮೇಲೆ ಹೊಲಕ್ಕೆ ನದಿಯ ನೀರು ಬಂತು, ಸಕ್ಕರೆ ಕಾರ್ಖಾನೆ ಬಂತು. ಅಂಗಳದ ಕಡಾಯಿಯನ್ನು ಮಗುಚಿಟ್ಟರು, ಕಬ್ಬು ಎದ್ದು ನಿಂತಿತು. ನಮ್ಮ ತಾತನ ಕಾಲದಿಂದ ಕೈಯಿಂದ ಕೈಗೆ ಬಂದಿದ್ದ ಆ ಬೀಜ ಊರಿನಲ್ಲಿ ಯಾರ ಬಳಿಯೂ ಉಳಿಯಲಿಲ್ಲ. ಆಯಿಗೆ ಬೀಜದ ಚಿಂತೆ ಇರಲಿಲ್ಲ. ಕಣ್ಣು ಮುಚ್ಚುವತನಕ ಅವಳು ಬಂದವರನ್ನೆಲ್ಲ ಒಂದೇ ಮಾತು ಕೇಳುತ್ತಿದ್ದಳು: "ನಾ ಆಕೀನ ಉಡಿ ತುಂಬಿ ಕಳಿಸೇನಿ. ಒಯ್ದು ಚೆಲ್ಲಿಲ್ಲ. ಆಕಿಗಿ ಅದು ತಿಳದೈತೋ ಇಲ್ಲೋ?" ಅವಳ ನಂತರ ಅಪ್ಪ ಅದೇ ಪ್ರಶ್ನೆಯನ್ನು ಹೊತ್ತುಕೊಂಡು ಪ್ರತಿ ಶ್ರಾವಣ ಹೋಗಿಬಂದ. ಆತನ ನಂತರ ಅದು ನನ್ನ ಪಾಲಿಗೆ ಬಂತು. ನಾನು ಲಗ್ನವಾಗಿ ಅಥಣಿಯಲ್ಲಿದ್ದಾಗ ಅತ್ತೆ ತೀರಿಕೊಂಡ ಸುದ್ದಿ ತಡವಾಗಿ ತಲುಪಿತು. ಅಂತ್ಯಕ್ರಿಯೆಯನ್ನು ಅಲ್ಲಿಯವರೇ ಮುಗಿಸಿದ್ದರು. ದಿನವೂ ಪೂಜೆಗೆ ಕುಳಿತಾಗ ಅವಳ ಹೆಸರಿನಲ್ಲಿ ಒಂದು ಹೂವು ಏರಿಸುತ್ತ ಬಂದಿದ್ದೇನೆ. ಆದರೆ ಆಯಿಯ ಪ್ರಶ್ನೆ ಹೂವಿಗೆ ಶಮನವಾಗುವಂಥದಾಗಿರಲಿಲ್ಲ.

ಕಳೆದ ಮಾಘದಲ್ಲಿ ಆ ಆಸ್ಪತ್ರೆಯಿರುವ ಊರಿನ ಮಠವೊಂದರಲ್ಲಿ ಪ್ರವಚನಕ್ಕೆ ನನ್ನನ್ನು ಕರೆದಿದ್ದರು. ಸವಿತಾ ಅಲ್ಲಿಗೆ ಬಂದು ನಮಸ್ಕರಿಸಿ, ತಾನು ಆ ಆಸ್ಪತ್ರೆಯಲ್ಲಿರುವುದಾಗಿ ಹೇಳಿದಳು. ಅತ್ತೆಯ ಕಥೆಯನ್ನು ಅವಳಿಗೆ ಹೇಳಿದೆ. "ಸಂಜೀಕ ಬರ್ರಿ, ಒಂದ ಸುತ್ತ ಹಾಕೂಣು. ದೊಡ್ಡ ಡಾಕ್ಟರಿಗಿ ಕೇಳಿ ಇಟ್ಟಿರ್ತೇನಿ" ಎಂದಳು. ಹಾಗೆ ನಾನು ಆ ಆವರಣ ಹೊಕ್ಕದ್ದು. ಬಾಲ್ಯದಲ್ಲಿ ಕೋಟೆಯಂತೆ ಕಂಡಿದ್ದ ಕಲ್ಲಿನ ಗೋಡೆಗಳ ಮೇಲೆ ಈಗ ಗುಬ್ಬಿಗಳು ಜಗಳಾಡುತ್ತಿದ್ದವು. ಕಮಾನಿನ ಉದ್ದ ಪಡಸಾಲೆ, ನುಣುಪಾದ ಕಲ್ಲಿನ ಮೆಟ್ಟಿಲು, ಬೇವಿನೆಲೆಗಳ ನಡುವೆ ಜಾರುವ ಹಳದಿ ಬಿಸಿಲು. ಮುದುಕರೊಬ್ಬರು ಕಟ್ಟೆಯ ಮೇಲೆ ಕುಳಿತು ಯಾರಿಗೋ ಬಹಳ ಪ್ರೀತಿಯಿಂದ ದಾರಿ ಹೇಳುತ್ತಿದ್ದರು; ಎದುರಿಗೆ ಯಾರೂ ಇರಲಿಲ್ಲ. ಅವರಿಗೆ ಕೈಮುಗಿದೆ; ಅವರೂ ಮಾತು ನಿಲ್ಲಿಸದೆಯೇ ಕೈಮುಗಿದರು. ಅಲ್ಲಿಂದ ಹೆಂಗಸರ ವಿಭಾಗದ ಹಿಂದಕ್ಕೆ ತಿರುಗುವಾಗಲೇ ಆ ವಾಸನೆ ಬಂದದ್ದು.

ಬಟ್ಟೆ ಒಗೆಯುವ ಕಲ್ಲುಗಳಿಂದ ನೀರು ಹರಿದುಹೋಗುವ ಕಡೆ, ಎರಡು ಎತ್ತಿನ ಬಂಡಿ ನಿಲ್ಲುವಷ್ಟು ಜಾಗದಲ್ಲಿ ಒಂದು ಮಡಿ ಇತ್ತು. ಎಲೆ ಒಣಗಿ ನೆಲಕ್ಕೊರಗಿತ್ತು. ನಾಲ್ಕಾರು ಹೆಂಗಸರು ಕಳೆ ತೆಗೆಯುವ ಪುಟ್ಟ ಕುರ್ಚಿಗೆಯಿಂದ ಮಣ್ಣು ಬಿಡಿಸಿ ಅರಿಸಿನ ಎತ್ತುತ್ತಿದ್ದರು. ನಡುವೆ ಕುಳಿತು ಎಲ್ಲರ ಮೇಲೆ ದರ್ಬಾರು ನಡೆಸುತ್ತಿದ್ದವಳು ಮಾಲನ್‌ಬಾಯಿ. ಸುಮಾರು ನನ್ನದೇ ವಯಸ್ಸು; ನಿಪ್ಪಾಣಿ ಸೀಮೆಯವಳು, ಮಾತಿನಲ್ಲಿ ಮರಾಠಿ ಕನ್ನಡ ಒಂದೇ ನೀರಾಗಿ ಹರಿಯುತ್ತಿದ್ದವು. "ಹಳೂ ಹಳೂ ಗ ಬಾಯಿ! ಗಡ್ಡಿಗಿ ಗಾಯಾ ಆಗ್ತೈತಿ. ನಿನ್ನ ನವರಾನ ತಲಿ ಅಂತ ತಿಳದೀ ಏನ?" ಎಂದು ಒಬ್ಬಳನ್ನು ಗದರಿಸಿದಳು. ಗಂಡನ ತಲೆಯ ಮಾತಿಗೆ ಹೆಂಗಸರೆಲ್ಲ ನಕ್ಕರು. ಸವಿತಾ ನನ್ನನ್ನು ತೋರಿಸಿ, "ಮಾವಶೀ, ಇವರ ಅತ್ತಿ ಹಿಂದಕ್ಕ ಇಲ್ಲೇ ಇದ್ರಂತ. ಅಕ್ಕಾತಾಯಿ ಅಂತ ಹೆಸರು" ಎಂದಳು. ಕುರ್ಚಿಗೆ ನಿಂತಿತು. ಮಾಲನ್‌ಬಾಯಿ ನನ್ನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿ, "ಹಳದಿ ಬೆಕ್ಕ?" ಎಂದಳು.

ನಾನು ಆ ಕಲ್ಲಿನ ಮೇಲೆ ಕುಳಿತುಬಿಟ್ಟೆ. ಅವಳು ಮಣ್ಣಿನ ಕೈಯನ್ನು ಸೆರಗಿಗೆ ಒರೆಸಿಕೊಂಡು ಪಕ್ಕಕ್ಕೆ ಬಂದಳು. "ನಾ ಇಲ್ಲಿಗಿ ಬಂದಾಗ ಪೋರಿ ಇದ್ನಿರಿ. ಯಾರ ಬಂದ್ರೂ ಕಚ್ಚತಿದ್ನಿ. ಅಕ್ಕಾತಾಯಿ ಅಕ್ಕಾನ ನನ್ನ ಕೈಗಿ ಕುರ್ಚಿಗಿ ಕೊಟ್ಟು ಇಲ್ಲಿ ಕುಂಡ್ರಿಸಿದ್ಲು. ಇದು ಆಕೀದ ಅರಿಷಿಣರಿ. ತವರಮನಿಯಿಂದ ಉಡ್ಯಾಗ ತಂದಿದ್ಲಂತ. ಮದಲ ಮೂಲ್ಯಾಗ ಊರಿದ್ಲಂತ, ಆಮ್ಯಾಲ ದೊಡ್ಡ ಸಿಸ್ಟರ್ ನೋಡಿ, ಇರ್ಲಿ ಅಂತ ಈ ಜಾಗಾ ಕೊಟ್ರಂತ." ನನಗೆ ಅಪ್ಪನ ಮಾತು ನೆನಪಾಯಿತು. ಅವಳು ಮನೆಗೆ ಏಕೆ ಬರಲಿಲ್ಲವೆಂದು ಕೇಳಿದೆ. "ಅಣ್ಣಾ ಬರತಿದ್ದಾ ಶ್ರಾವಣದಾಗ" ಎಂದಳು ಮಾಲನ್‌ಬಾಯಿ. "ಶ್ರಾವಣದಾಗ ಅರಿಷಿಣ ಹಸರ ಇರತೈತಿ. ಬಿಟ್ಟ ಹ್ಯಾಂಗ ಹೋಗೂದ್ರಿ? ಅಗದ ಮ್ಯಾಲ ಬರ್ತೇನಿ ಅಂತಿದ್ಲು. ಮಾಘದಾಗ ಅಗದು ಮುಗಿಸಿ, ಸೀರಿ ಗಂಟ ಕಟಗೊಂಡು ಬಾಗಲ ಕಡೆ ಕುಂಡ್ರತಿದ್ಲು. ಮಾಘದಾಗ ಯಾರೂ ಬರತಿದ್ದಿಲ್ಲ. ಮತ್ತ ಬಿತ್ತೂ ದಿವಸ ಬರತಿದ್ವು. ಗಂಟ ಬಿಚ್ಚಿ ಬಿತ್ತತಿದ್ಲು."

ದೇವರೇ, ಅದು ಹುಚ್ಚಿನ ಮಾತಾಗಿರಲಿಲ್ಲ. ಒಕ್ಕಲುತನದ ಮನೆಯ ಮಗಳು ಒಕ್ಕಲುತನದ ಮನೆಯ ಅಣ್ಣನಿಗೆ ಹೇಳಿದ ನೇರವಾದ, ತಿಳಿಯಾದ ಮಾತು. ಪಂಚಮಿ ಬಿಟ್ಟು ಬೇರೆ ಕಾಲಕ್ಕೆ ತವರಿನವರು ಹೋಗುವ ರೂಢಿ ಇರಲಿಲ್ಲ; ನಿಂತ ಬೆಳೆ ಬಿಟ್ಟು ಬರುವ ರೂಢಿ ಅವಳಿಗಿರಲಿಲ್ಲ. ಅಪ್ಪ ಒಂದೇ ಒಂದು ಮಾಘದಲ್ಲಿ ಹೋಗಿದ್ದರೆ! ನನ್ನ ಕಣ್ಣು ತುಂಬಿದ್ದನ್ನು ನೋಡಿ ಮಾಲನ್‌ಬಾಯಿ ತೊಡೆಗೆ ತಟ್ಟಿದಳು. "ಅಳಬ್ಯಾಡ್ರಿ ಬಾಯಿ. ಆಕೀ ಅಳತಿದ್ದಿಲ್ಲ. ಆಮ್ಯಾಲ ಆಮ್ಯಾಲ ಬಾಗಲ ಕಡೆ ಕುಂಡ್ರೂದೂ ಬಿಟ್ಲು. ಆಕಿಗಿ ಪುರಸೊತ್ತ ಎಲ್ಲಿತ್ತ? ಇಲ್ಲಿಂದ ಆರಾಮಾಗಿ ಮನಿಗಿ ಹೊಂಟ ಹೆಣಮಕ್ಕಳಿಗೆಲ್ಲ ಉಡಿ ತುಂಬವಳ ಆಕೀನ. 'ನಮ್ಮವ್ವ ನನಗ ತುಂಬಿ ಕಳಿಸ್ಯಾಳ. ಯಾ ಹೆಣಮಗಳೂ ಬರೇ ಉಡೀಲೆ ಈ ಮನಿ ದಾಟಬಾರದು' ಅಂತಿದ್ಲು. ಈಗ ಆ ಕೆಲಸಾ ನಂದು."

ಬರೇ ಉಡೀಲೆ ಈ ಮನಿ ದಾಟಬಾರದು. ಬಂಡಿ ಹೂಡಿದ್ದ ಆ ಮುಂಜಾನೆಯ ಅಂಗಳದಲ್ಲಿ ಆಯಿಯ ಬಾಯಿಂದ ಬಂದ ಮಾತು, ಅದೇ ಏರಿಳಿತದಲ್ಲಿ, ಎಂದೂ ನಮ್ಮ ಊರನ್ನು ಕಾಣದ ಹೆಂಗಸಿನ ಬಾಯಲ್ಲಿ ಕೇಳಿದೆ. ಆಯಿ, ನಿನ್ನ ಪ್ರಶ್ನೆಗೆ ಉತ್ತರ ಇಲ್ಲಿತ್ತು. ನಾವೆಲ್ಲ ಬಾಗಿಲ ಬಳಿಯ ಪಡಸಾಲೆಯಿಂದಲೇ ಮರಳಿಬಿಟ್ಟಿದ್ದೆವು.

ದೀಪದ ಹೊತ್ತಾಗಿತ್ತು. ಒಳಗೆ ಯಾರೋ ಗಂಟೆ ಬಾರಿಸಿದರು. ಹೊರಡಲೆಂದು ನಾನು ಎದ್ದಾಗ ಮಾಲನ್‌ಬಾಯಿ, "ಥಾಂಬಾ ಥಾಂಬಾ, ನಿಂದರ್ರಿ, ಸೆರಗ ಹಿಡೀರಿ" ಎಂದಳು. ನಾನು ಹಿಂಜರಿದೆ. ಯಜಮಾನರು ಹೋದ ಮೇಲೆ ನನ್ನ ಉಡಿಗೆ ಯಾರೂ ಒಂದು ಕಾಳು ಹಾಕಿರಲಿಲ್ಲ, ನಾನೂ ಒಡ್ಡಿರಲಿಲ್ಲ. ಶಾಸ್ತ್ರ ಓದಿದವಳು, ಇನ್ನೊಬ್ಬರಿಗೆ ಹೇಳಿಕೊಟ್ಟವಳು. "ನನಗ ತುಂಬಬಾರದವ್ವಾ" ಎಂದೆ. ಅವಳು ಅರ್ಥವಾಗದವಳಂತೆ ಹುಬ್ಬೇರಿಸಿದಳು. "ನೀವು ಮನಿಗಿ ಹೊಂಟೀರಿಲ್ಲ?" ಎಂದಳು. "ಹೌದು" ಎಂದೆ. "ಮತ್ತ? ಇಲ್ಲಿ ಅಷ್ಟ ಕೇಳೂದ್ರಿ." ಹೆಂಗಸರು ಸುತ್ತ ನಿಂತರು. ಅಕ್ಕಿ ಇರಲಿಲ್ಲ, ಕೊಬ್ಬರಿ ಇರಲಿಲ್ಲ. ಮಣ್ಣು ಮೆತ್ತಿದ ಗಡ್ಡೆಗಳನ್ನು ಒಬ್ಬೊಬ್ಬರೂ ಒಂದೊಂದಾಗಿ ನನ್ನ ಸೆರಗಿಗೆ ಹಾಕಿದರು. ಗಂಟು ಕಟ್ಟಿಕೊಂಡು, ಮಡಿಯ ಮಣ್ಣನ್ನು ಮುಟ್ಟಿ ಹಣೆಗೆ ಹಚ್ಚಿಕೊಂಡೆ. ಸವಿತಾ ಗೇಟಿನವರೆಗೆ ನನ್ನ ಕೈ ಹಿಡಿದೇ ಇದ್ದಳು.

ಆ ಹಳ್ಳಿಯ ಮನೆ ಈಗ ಇಲ್ಲ. ಅಂಗಳವಿದ್ದಲ್ಲಿ ಕಬ್ಬಿನ ಟ್ರ್ಯಾಕ್ಟರುಗಳು ತಿರುಗುತ್ತವೆ. ಬೇವಿನ ಮರದ ಬುಡವೂ ಉಳಿದಿಲ್ಲ. ಈಗ ನಾನಿರುವ ಚಿಕ್ಕೋಡಿಯ ಮನೆಯ ಹಿತ್ತಲಿನಲ್ಲಿ, ಗೋಡೆಯ ನೆರಳಿಗೆ, ದೇವರ ಮುಂದೆ ಉಡಿ ಬಿಚ್ಚಿ ತೆಗೆದ ಆ ಗಡ್ಡೆಗಳನ್ನು ಗುಂಪೆ ಮಾಡಿ, ಎಲೆ ಮುಚ್ಚಿ, ಮಣ್ಣು ಸಗಣಿ ಮೆತ್ತಿ ಇಟ್ಟಿದ್ದೇನೆ. ಬಿತ್ತನೆಗೆ ಇನ್ನೂ ದಿನಗಳಿವೆ. ಸಂಜೆ ದೀಪ ಹಚ್ಚಿ, ಜಪ ಮುಗಿಸಿ ಅದರ ಬಳಿ ಕುಳಿತುಕೊಳ್ಳುತ್ತೇನೆ. ಕಿವಿ ಹಚ್ಚಿ ಕೇಳಬೇಕೆನ್ನಿಸುತ್ತದೆ. ಈ ವಯಸ್ಸಿಗೆ ಅಷ್ಟು ಬಗ್ಗಲಾಗುವುದಿಲ್ಲ. ಅಂಗೈಯನ್ನು ಮಾತ್ರ ಅದರ ಮೇಲಿಡುತ್ತೇನೆ. ಒಳಗಿನಿಂದ ಮಣ್ಣು ಬೆಚ್ಚಗಿರುತ್ತದೆ.